ರಿಚರ್ಡ್ ಹ್ಯಾಮಿಂಗ್

ದೂರವಾಣಿಯಲ್ಲಿ ಮಾತನಾಡುತ್ತಿರುವಾಗ ತಂತಿಯಲ್ಲಿ ಕರಕರ ಸದ್ದು ಹುಟ್ಟಿ ಒಂದೆರಡು ಮಾತು ಕೆಡುವುದುಂಟು. ಆದರೂ ಸಂಭಾಷಣೆ ನಿಲ್ಲುವುದಿಲ್ಲ. ಅರೆಬರೆ ಕೇಳಿಸಿದ ಮಾತನ್ನು ಕೇಳುವವನು ಹಿಂದುಮುಂದಿನ ಮಾತುಗಳ ಸಹಾಯದಿಂದ ಊಹಿಸಿಕೊಳ್ಳುತ್ತಾನೆ. ಊಹೆಗೆ ನಿಲುಕದಿದ್ದರೆ ಇನ್ನೊಮ್ಮೆ ಹೇಳುವಂತೆ ಕೇಳಿಕೊಳ್ಳುತ್ತಾನೆ. ಅದೇ ತಂತಿಯ ಮೂಲಕ ಎರಡು ಗಣಕಯಂತ್ರಗಳು ವ್ಯವಹರಿಸಬೇಕಾದಾಗ ಈ ಅನುಕೂಲ ಇರುವುದಿಲ್ಲ. ಗಣಕಯಂತ್ರವು ಬಲ್ಲದ್ದು ಸೊನ್ನೆ ಮತ್ತು ಒಂದು ಎಂಬ ಎರಡೇ ಅಂಕಿಗಳನ್ನು. ಆ ಅಂಕಿಗಳನ್ನು ಸ್ವರಗಳನ್ನಾಗಿ ಮಾರ್ಪಡಿಸಿ ತಂತಿಗೆ ಒಪ್ಪಿಸುವ, ಆಚೆಯ ತುದಿಯಲ್ಲಿ ಆ ಸ್ವರಗಳನ್ನು ಪುನಃ ಅಂಕಿಗಳನ್ನಾಗಿ ಮಾಡಿಕೊಡುವ ಉಪಕರಣಕ್ಕೆ ಮೋಡೆಮ್ ಎಂದು ಹೆಸರು. ಅಮೆರಿಕದ ಬೆಲ್ ದೂರವಾಣಿ ಸಂಸ್ಥೆಯು 1962ರಲ್ಲಿ ಬಳಕೆಗೆ ತಂದ ಮೋಡೆಮ್ ಒಂದು ಸೆಕೆಂಡಿಗೆ 300 ಅಂಕಿಗಳನ್ನು ಸಾಗಿಸುತ್ತಿತ್ತು. ತಂತಿಯಲ್ಲಿ ಸೆಕೆಂಡಿನ ಹತ್ತರಲ್ಲೊಂದು ಭಾಗ ಮಾತ್ರ ಸದ್ದೆದ್ದರೂ ಅಷ್ಟರೊಳಗೆ 30 ಅಂಕಿಗಳು ಹಾದುಹೋಗಿರುತ್ತವೆ. ಅವುಗಳಲ್ಲಿ ಒಂದೇ ಒಂದು ತಿರುಗಿದರೂ ಅನರ್ಥವಾದೀತು. ಗಣಕಯಂತ್ರದ ದ್ವಿಮಾನ ಪದ್ಧತಿಯಲ್ಲಿ ನೂರನ್ನು 1100100 ಎಂದು ಬರೆಯುತ್ತಾರೆ. ಮೊದಲನೆಯ ಒಂದು ಸೊನ್ನೆಯಾಗಿ ತಲುಪಿದರೆ ಅದು ಮೂವತ್ತಾರು ಆಗಿಬಿಡುತ್ತದೆ. ಬ್ಯಾಂಕಿನ ಲೆಕ್ಕದಲ್ಲಿ ಹೀಗಾದರೆ ನೂರು ಡಾಲರು ಇಟ್ಟವನ ಪಾಡೇನು?

ಬಂದ ಅಂಕಿಗಳಲ್ಲಿ ತಪ್ಪಿದೆಯೆಂದು ಯಂತ್ರವು ಅರಿಯುವುದು ಹೇಗೆ? ಅರಿತ ಮೇಲೆ ಯಾರ ನೆರವನ್ನೂ ಬೇಡದೆ ಅದನ್ನು ತಿದ್ದಿಕೊಳ್ಳುವುದು ಹೇಗೆ? ಮೋಡೆಮ್‌ಗಳು ಬಳಕೆಗೆ ಬರುವುದಕ್ಕೂ ಹತ್ತಾರು ವರ್ಷ ಮೊದಲೇ ಈ ಪ್ರಶ್ನೆಗಳನ್ನು ಹಿಡಿದು ಕುಳಿತು, ಎರಡನೆಯದಕ್ಕೆ ಉತ್ತರವನ್ನು ಕಂಡುಕೊಂಡ ಗಣಿತಜ್ಞರು ರಿಚರ್ಡ್ ವೆಸ್ಲಿ ಹ್ಯಾಮಿಂಗ್.

ಹ್ಯಾಮಿಂಗ್ ಅವರು 1915ನೆಯ ಇಸವಿ ಫೆಬ್ರವರಿ 11ರಂದು ಅಮೆರಿಕದ ಷಿಕಾಗೊ ನಗರದಲ್ಲಿ ಜನಿಸಿದರು. ಅವರ ತಂದೆ ಡಚ್ ಮೂಲದವರು. ಬಾಲ್ಯದಲ್ಲಿ ಹ್ಯಾಮಿಂಗ್ ಅವರಿಗೆ ಎಂಜಿನಿಯರ್ ಆಗಬೇಕೆಂಬ ಆಸೆಯಿತ್ತು. ಆದರೆ ಅವರು ಕಾಲೇಜಿನ ಮೆಟ್ಟಿಲೇರುವ ಹೊತ್ತಿಗೆ ಅಮೆರಿಕವು ಭಾರಿ ಆರ್ಥಿಕ ಮುಗ್ಗಟ್ಟಿಗೆ ಸಿಕ್ಕಿತ್ತು. ಸ್ವಂತ ಖರ್ಚಿನಲ್ಲಿ ಓದುವ ಅನುಕೂಲ ಮನೆಯಲ್ಲಿರಲಿಲ್ಲ. ವಿದ್ಯಾರ್ಥಿವೇತನ ಕೊಡಲು ಮುಂದೆ ಬಂದದ್ದು ಷಿಕಾಗೊ ವಿಶ್ವವಿದ್ಯಾನಿಲಯ ಒಂದೇ. ಅಲ್ಲಿಯಾದರೋ ಎಂಜಿನಿಯರಿಂಗ್ ವಿಭಾಗವೇ ಇರಲಿಲ್ಲ. ಬೇರೆ ದಾರಿ ಕಾಣದೆ ಅವರು ಗಣಿತವನ್ನು ಆರಿಸಿಕೊಂಡರು. ಎಂಜಿನಿಯರ್ ಆಗಿದ್ದರೆ ತಂತಿಗಳ ರಿಪೇರಿಗೆಂದು ನೆಲದಡಿಯ ಗುಂಡಿಗಳಲ್ಲಿ ಇಳಿಯುತ್ತ ಆಯುಷ್ಯ ಕಳೆಯಬೇಕಾಗುತ್ತಿತ್ತೆಂದು ಮುಂದೆ ಅವರೇ ನಗುತ್ತ ಹೇಳಿಕೊಳ್ಳುತ್ತಿದ್ದರು. 1937ರಲ್ಲಿ ಪದವಿಯನ್ನೂ, 1939ರಲ್ಲಿ ನೆಬ್ರಾಸ್ಕ ವಿಶ್ವವಿದ್ಯಾನಿಲಯದಿಂದ ಸ್ನಾತಕೋತ್ತರ ಪದವಿಯನ್ನೂ, 1942ರಲ್ಲಿ ಇಲಿನಾಯ್ ವಿಶ್ವವಿದ್ಯಾನಿಲಯದಿಂದ ಡಾಕ್ಟರೇಟನ್ನೂ ಪಡೆದರು. ಅದೇ ವರ್ಷ ವಾಂಡಾ ಲಿಟಲ್ ಎಂಬವರೊಂದಿಗೆ ಅವರ ವಿವಾಹವಾಯಿತು.

ಆಗ ಎರಡನೆಯ ಮಹಾಯುದ್ಧ ನಡೆಯುತ್ತಿತ್ತು. 1945ರಲ್ಲಿ ಹ್ಯಾಮಿಂಗ್ ಅವರಿಗೆ ನ್ಯೂ ಮೆಕ್ಸಿಕೊ ಪ್ರಾಂತದ ಲಾಸ್ ಅಲಮೋಸ್ ಎಂಬಲ್ಲಿಗೆ ಕರೆ ಬಂದಿತು. ಮರುಭೂಮಿಯ ನಡುವಿನ ಆ ಎತ್ತರದ ನೆಲದಲ್ಲಿ ಪರಮಾಣು ಬಾಂಬಿನ ತಯಾರಿಕೆ ಗುಟ್ಟಾಗಿ ಸಾಗಿತ್ತು. ಭೌತವಿಜ್ಞಾನಿಗಳು ಬರೆದುಕೊಟ್ಟ ಸಮೀಕರಣಗಳನ್ನು ರಂಧ್ರಗಳುಳ್ಳ ಕಾರ್ಡುಗಳ ಮೂಲಕ ಯಂತ್ರಗಳಿಗೆ ಉಣಿಸಿ, ಯಂತ್ರಗಳು ನಿಲ್ಲದಂತೆ ನೋಡಿಕೊಂಡು, ಉತ್ತರಗಳನ್ನು ಒದಗಿಸುವುದು ಅವರ ಕೆಲಸ. ಒಂದು ತಿಂಗಳ ತರುವಾಯ ವಾಂಡಾ ಅವರೂ ಅಲ್ಲಿಗೆ ಬಂದು ಮೇಜಿನ ಮೇಲಿನ ಲೆಕ್ಕದ ಯಂತ್ರದಲ್ಲಿ ಗಣನೆ ಮಾಡುವ ಕೆಲಸಕ್ಕೆ ಸೇರಿದರು.

ಮೊದಲನೆಯ ಬಾಂಬನ್ನು ಸಿಡಿಸಿ ನೋಡುವ ದಿನ ಸಮೀಪಿಸಿದಾಗ ಒಬ್ಬರು ಹ್ಯಾಮಿಂಗ್ ಅವರ ಬಳಿಗೆ ಒಂದು ಲೆಕ್ಕವನ್ನು ತಂದು, ಅದರ ಕೂಡಿಸು ಕಳೆ ಸರಿಯಿದೆಯೇ ನೋಡಬೇಕೆಂದು ಕೇಳಿದರು. ಕೈಕೆಳಗಿನವರಿಗೆ ಒಪ್ಪಿಸಿದರಾಯಿತೆಂದುಕೊಂಡ ಹ್ಯಾಮಿಂಗ್ ಅದು ಯಾವುದರ ಲೆಕ್ಕವೆಂದು ವಿಚಾರಿಸಿದರು. ಸಿಡಿದ ಬಾಂಬು ಭೂಮಿಯನ್ನು ಸುತ್ತುವರಿದ ವಾಯುಮಂಡಲಕ್ಕೇ ಬೆಂಕಿ ಹಚ್ಚೀತೇ ಎಂಬುದರ ಲೆಕ್ಕವೆಂದು ಉತ್ತರ ಬಂದಿತು! ಅದನ್ನು ಬೇರೆಯವರ ಕೈಗೆ ಕೊಡುವ ಧೈರ್ಯ ಅವರಿಗಾಗಲಿಲ್ಲ. ತಾವೇ ಕುಳಿತು ಪರಿಶೀಲಿಸಿದರು. ಅಂಕಗಣಿತದಲ್ಲಿ ದೋಷವೇನೂ ಕಾಣಲಿಲ್ಲ. ಆದರೆ ಅಷ್ಟು ತೀವ್ರವಾದ ಶಕ್ತಿಯಲ್ಲಿ ಆಮ್ಲಜನಕ ಮತ್ತು ಸಾರಜನಕಗಳು ಹೇಗೆ ವರ್ತಿಸುತ್ತವೆಂಬುದನ್ನು ಪ್ರಯೋಗದಿಂದ ಕಂಡವರು ಯಾರೂ ಇರಲಿಲ್ಲ. ಲೆಕ್ಕದ ಬುಡದಲ್ಲಿದ್ದ ಸೂತ್ರಗಳು ಸರಿಯೋ ತಪ್ಪೋ ಎಂದು ಹೇಳಲು ತಮ್ಮಿಂದಾಗದೆಂದು ಹ್ಯಾಮಿಂಗ್ ತಿಳಿಸಿದರು. ಬಂದವರು ತಾವು ಕೇಳಿದ್ದು ಅಂಕಗಣಿತವನ್ನು ಮಾತ್ರವೆಂದು ಹೇಳಿ ಹೊರಟುಹೋದರು. 1945ರ ಜುಲೈ 16ರಂದು ಬಾಂಬು ಸಿಡಿಯಿತು, ವಾಯುಮಂಡಲ ಹೊತ್ತಿಕೊಳ್ಳಲಿಲ್ಲ. ಆದರೂ ಆ ಒಂದು ದಿನದ ಕಳವಳವನ್ನು ಹ್ಯಾಮಿಂಗ್ ಮರೆಯಲಿಲ್ಲ. ಐವತ್ತು ವರ್ಷಗಳ ಮೇಲೆಯೂ ಅದನ್ನು ನೆನೆದು ಬರೆದರು. ಯಂತ್ರವು ಕೊಟ್ಟ ಅಂಕಿಯನ್ನು ಎಷ್ಟರಮಟ್ಟಿಗೆ ನಂಬಬಹುದು ಎಂಬ ಪ್ರಶ್ನೆ ಅವರ ಬೆನ್ನು ಬಿಡಲಿಲ್ಲ.

ಯುದ್ಧ ಮುಗಿದ ಮೇಲೆ, 1946ರಲ್ಲಿ, ಅವರು ಬೆಲ್ ದೂರವಾಣಿ ಪ್ರಯೋಗಾಲಯವನ್ನು ಸೇರಿದರು. ದೂರವಾಣಿಗೆ ಸಂಬಂಧಿಸಿದ ಸಂಶೋಧನೆಗಳಿಗೆ ಅದು ಆಗ ಜಗತ್ತಿನಲ್ಲೇ ಹೆಸರಾದ ಸಂಸ್ಥೆ. ಕ್ಲಾಡ್ ಷಾನನ್ ಅವರೂ ಅಲ್ಲಿಯೇ ಇದ್ದರು. ಸಂದೇಶಗಳ ಸಾಗಣೆಯನ್ನು ಗಣಿತದ ಶಾಸ್ತ್ರವನ್ನಾಗಿ ರೂಪಿಸಿ 1948ರಲ್ಲಿ ಕೀರ್ತಿ ಪಡೆದ ಷಾನನ್ ಅವರೂ ಹ್ಯಾಮಿಂಗ್ ಅವರೂ ಕೆಲಕಾಲ ಒಂದೇ ಕೊಠಡಿಯಲ್ಲಿ ಕುಳಿತು ಕೆಲಸ ಮಾಡಿದರೆಂಬುದು ಸ್ವಾರಸ್ಯದ ಸಂಗತಿ.

ಪ್ರಯೋಗಾಲಯದ ಗಣಕಯಂತ್ರವು ಇಂದಿನವುಗಳಂತೆ ಅಂಗೈಯಲ್ಲಿ ಹಿಡಿಸುವಂಥದಲ್ಲ. ವಿದ್ಯುತ್ಕಾಂತದ ಎಳೆತದಿಂದ ತೆರೆದು ಮುಚ್ಚುವ, ರಿಲೇ ಎಂಬ ಹೆಸರಿನ ಸ್ವಿಚ್ಚುಗಳು ಅದರಲ್ಲಿ ಸುಮಾರು 9,000 ಇದ್ದವು. ಒಂದು ರಿಲೇ ಇಪ್ಪತ್ತು ಮೂವತ್ತು ಲಕ್ಷ ಸಲ ಸರಿಯಾಗಿ ಕೆಲಸ ಮಾಡಿ ಒಮ್ಮೆ ತಪ್ಪಿದರೆ ಅದನ್ನು ದೂರುವಂತಿಲ್ಲ. ಆದರೆ ರಿಲೇಗಳ ಸಂಖ್ಯೆಯೂ ಅವುಗಳ ಕೆಲಸವೂ ಹೆಚ್ಚಾಗಿದ್ದುದರಿಂದ ದಿನಕ್ಕೆ ಎರಡು ಮೂರು ಸಲವಾದರೂ ಎಲ್ಲೋ ಒಂದು ಕೈಕೊಡುತ್ತಿತ್ತು. ಯಂತ್ರವನ್ನು ಕಟ್ಟಿದವರು ಇದನ್ನರಿತು ಒಂದು ಉಪಾಯ ಮಾಡಿದ್ದರು. ಪ್ರತಿಯೊಂದು ಅಂಕಿಗೂ ಐದು ಗುರುತುಗಳು. ಅವುಗಳಲ್ಲಿ ಎರಡು, ಎರಡು ಮಾತ್ರ, ಚಾಲೂ ಇರಬೇಕು. ಐದರಲ್ಲಿ ಎರಡನ್ನು ಆರಿಸಲು ಹತ್ತೇ ವಿಧಗಳಿವೆ. ಸೊನ್ನೆಯಿಂದ ಒಂಬತ್ತರವರೆಗಿನ ಹತ್ತು ಅಂಕಿಗಳಿಗೆ ಅದು ಸರಿಹೊಂದುತ್ತದೆ. ಚಾಲೂ ಇರುವುವು ಒಂದಾಗಲಿ ಮೂರಾಗಲಿ ಆದಕೂಡಲೆ ಯಂತ್ರಕ್ಕೆ ತಪ್ಪಿನ ಸುಳಿವು ಸಿಗುತ್ತಿತ್ತು. ಕೆಲಸದ ದಿನಗಳಲ್ಲಿ ದೀಪ ಮಿನುಗಿ ನೌಕರರನ್ನು ಎಚ್ಚರಿಸುತ್ತಿತ್ತು; ಅವರು ಬಂದು ಸರಿಪಡಿಸುತ್ತಿದ್ದರು. ವಾರದ ಕೊನೆಯಲ್ಲಿ ನೌಕರರಿರುತ್ತಿರಲಿಲ್ಲ. ಆಗ ತಪ್ಪು ತಲೆದೋರಿದರೆ ಯಂತ್ರವು ಕೈಯಲ್ಲಿದ್ದ ಲೆಕ್ಕವನ್ನು ಅಲ್ಲಿಗೇ ಕೈಬಿಟ್ಟು ಮುಂದಿನ ಲೆಕ್ಕಕ್ಕೆ ಹೋಗಿಬಿಡುತ್ತಿತ್ತು.

ಹ್ಯಾಮಿಂಗ್ ಅವರಿಗೆ ಯಂತ್ರ ದೊರೆಯುತ್ತಿದ್ದುದು ವಾರದ ಕೊನೆಯಲ್ಲಿಯೇ. ಉಳಿದ ದಿನಗಳಲ್ಲಿ ಅವರಿಗಿಂತ ಮೊದಲಿನ ಸರದಿಯವರು ಅನೇಕರಿದ್ದರು. 1947ರಲ್ಲಿ ಒಂದು ಶುಕ್ರವಾರ ತಮ್ಮ ಲೆಕ್ಕವನ್ನು ಯಂತ್ರಕ್ಕೆ ಒಪ್ಪಿಸಿ ಮನೆಗೆ ತೆರಳಿದ ಅವರು ಸೋಮವಾರ ಬಂದು ನೋಡಿದರೆ ಲೆಕ್ಕ ಅರ್ಧದಲ್ಲೇ ನಿಂತಿತ್ತು. ಉತ್ತರಕ್ಕಾಗಿ ಕಾದಿದ್ದವರಿಗೆ ಸಮಾಧಾನ ಹೇಳಿ ಮರುವಾರ ಮತ್ತೆ ಅದೇ ಲೆಕ್ಕವನ್ನು ಒಪ್ಪಿಸಿದರು. ಆ ಸೋಮವಾರವೂ ಬರಿಗೈ! ಎರಡು ವಾರಗಳು ವ್ಯರ್ಥವಾದುವೆಂದು ಅವರಿಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಬೇರೊಬ್ಬರಾಗಿದ್ದರೆ ಯಂತ್ರವನ್ನೋ ಅದೃಷ್ಟವನ್ನೋ ಹಳಿದು ಮೂರನೆಯ ವಾರಕ್ಕೆ ಕಾಯುತ್ತಿದ್ದರು. ಹ್ಯಾಮಿಂಗ್ ಅವರ ಸಿಟ್ಟು ಒಂದು ಪ್ರಶ್ನೆಯಾಗಿ ತಿರುಗಿತು. ತಪ್ಪಾಗಿದೆಯೆಂದು ಯಂತ್ರಕ್ಕೆ ತಿಳಿಯುವುದಾದರೆ, ತಪ್ಪಾದ ಸ್ಥಳ ಯಾವುದೆಂದು ಏಕೆ ತಿಳಿಯಬಾರದು? ಸ್ಥಳ ತಿಳಿದರೆ ತಿದ್ದುವುದೇನು ಮಹಾ? ದ್ವಿಮಾನ ಪದ್ಧತಿಯಲ್ಲಿ ಇರುವುದೇ ಎರಡು ಅಂಕಿ. ತಪ್ಪಾದದ್ದು ಸೊನ್ನೆಯಾಗಿದ್ದರೆ ಅದು ಒಂದು. ಒಂದಾಗಿದ್ದರೆ ಅದು ಸೊನ್ನೆ.

ಇಲ್ಲಿಂದ ಮುಂದಿನ ದಾರಿಯನ್ನು ಅವರು ಮೆಟ್ಟಿಲು ಮೆಟ್ಟಿಲಾಗಿ ಏರಿದರು. ತಪ್ಪನ್ನು ಪತ್ತೆ ಹಚ್ಚುವ ಅತಿ ಸರಳ ವಿಧಾನ ಆಗಲೇ ಬಳಕೆಯಲ್ಲಿತ್ತು. ಸಂದೇಶದ ಅಂಕಿಗಳ ಕೊನೆಗೆ ಇನ್ನೊಂದು ಅಂಕಿಯನ್ನು ಸೇರಿಸಿ, ಒಂದುಗಳ ಒಟ್ಟು ಯಾವಾಗಲೂ ಸಮಸಂಖ್ಯೆಯಾಗುವಂತೆ ಮಾಡುವುದು ಆ ವಿಧಾನ. ದಾರಿಯಲ್ಲಿ ಒಂದು ಅಂಕಿ ತಿರುಗಿದರೆ ಒಟ್ಟು ಬೆಸವಾಗಿ ತಪ್ಪು ಹೊರಬೀಳುತ್ತದೆ. ಆದರೆ ತಿರುಗಿದ್ದು ಯಾವುದು? ಅದು ತಿಳಿಯದು. ತರಗತಿಯ ಉಪಾಧ್ಯಾಯರು ತಲೆಗಳನ್ನು ಎಣಿಸಿದಾಗ ಒಂದು ಕಡಿಮೆ ಬಂದರೆ ಯಾರೋ ಒಬ್ಬರು ಬಂದಿಲ್ಲವೆಂದು ಗೊತ್ತಾಗುತ್ತದೆಯೇ ಹೊರತು ಯಾರು ಬಂದಿಲ್ಲವೆಂದು ಗೊತ್ತಾಗುವುದಿಲ್ಲ. ಅದೇ ಉಪಾಧ್ಯಾಯರು ಅಡ್ಡ ಸಾಲುಗಳನ್ನೂ ಉದ್ದ ಸಾಲುಗಳನ್ನೂ ಬೇರೆ ಬೇರೆಯಾಗಿ ಎಣಿಸಿದರೆ? ಅಡ್ಡದಲ್ಲಿ ಮೂರನೆಯ ಸಾಲು, ಉದ್ದದಲ್ಲಿ ನಾಲ್ಕನೆಯ ಸಾಲು ಕಡಿಮೆ ಬಂದರೆ ಆ ಎರಡೂ ಸಾಲುಗಳು ಕೂಡುವ ಜಾಗವೇ ಖಾಲಿ. ಹ್ಯಾಮಿಂಗ್ ಅವರು ಅಂಕಿಗಳನ್ನು ಹೀಗೆಯೇ ಆಯತಾಕಾರದಲ್ಲಿ ಜೋಡಿಸಿ ಸಾಲು ಸಾಲಿಗೂ ಒಂದೊಂದು ಪರೀಕ್ಷಾ ಅಂಕಿಯನ್ನು ಕೊಟ್ಟರು. ತಪ್ಪಿನ ಸ್ಥಳ ಸಿಕ್ಕಿತು. ಆದರೆ ಪರೀಕ್ಷಾ ಅಂಕಿಗಳ ಹೊರೆ ಹೆಚ್ಚಾಯಿತು. ಸಂಸ್ಥೆಯ ವಾಹನದಲ್ಲಿ ನ್ಯೂಯಾರ್ಕಿಗೆ ಹೋಗಿಬರುವಾಗಲೂ ಅವರಿಗೆ ಇದೇ ಧ್ಯಾನ. ಆಯತಕ್ಕಿಂತ ತ್ರಿಕೋನ ಮೇಲೆಂದು ಹೊಳೆಯಿತು. ತ್ರಿಕೋನಕ್ಕಿಂತ ಘನ ಮೇಲೆಂದು ಹೊಳೆಯಿತು. ಕಣ್ಣಿಗೆ ಕಾಣದ, ಗಣಿತಜ್ಞರ ಕಲ್ಪನೆಯಲ್ಲಿ ಮಾತ್ರ ಇರುವ ಹೆಚ್ಚು ಆಯಾಮಗಳ ಘನ ಅದಕ್ಕೂ ಮೇಲೆಂದು ಹೊಳೆಯಿತು. ಕಟ್ಟಕಡೆಗೆ ಅವರು ತಲುಪಿದ ವಿಧಾನ ಬಹು ಸುಂದರವಾದದ್ದು. ಕಾಗದ ಪೆನ್ಸಿಲು ಹಿಡಿದು ಯಾರಾದರೂ ಮಾಡಿ ನೋಡಬಹುದಾದಷ್ಟು ಸುಲಭವಾದದ್ದು.

ಕಳುಹಿಸಬೇಕಾದ ಅಂಕಿಗಳು ನಾಲ್ಕು ಎಂದಿಟ್ಟುಕೊಳ್ಳೋಣ: 1, 0, 1, 1. ಏಳು ಮನೆಗಳನ್ನು ಬರೆದು ಈ ನಾಲ್ಕನ್ನು ಕ್ರಮವಾಗಿ 3, 5, 6 ಮತ್ತು 7ನೆಯ ಮನೆಗಳಲ್ಲಿ ತುಂಬಬೇಕು. ಉಳಿದ 1, 2 ಮತ್ತು 4ನೆಯ ಮನೆಗಳು ಪರೀಕ್ಷಾ ಅಂಕಿಗಳಿಗೆ ಮೀಸಲು. ಒಂದನೆಯ ಮನೆಯ ಕಾವಲಿಗೆ 1, 3, 5, 7ನೆಯ ಮನೆಗಳು ಸೇರುತ್ತವೆ. ಎರಡನೆಯದರ ಕಾವಲಿಗೆ 2, 3, 6, 7; ನಾಲ್ಕನೆಯದರ ಕಾವಲಿಗೆ 4, 5, 6, 7. ಪ್ರತಿಯೊಂದು ಗುಂಪಿನಲ್ಲಿಯೂ ಒಂದುಗಳ ಒಟ್ಟು ಸಮಸಂಖ್ಯೆಯಾಗಬೇಕೆಂಬುದು ನಿಯಮ. ಅದರಂತೆ ತುಂಬಿದಾಗ ಸಂದೇಶವು 0110011 ಎಂದಾಗುತ್ತದೆ. ದಾರಿಯಲ್ಲಿ ಆರನೆಯ ಅಂಕಿ ಕೆಟ್ಟು 0110001 ಎಂದು ತಲುಪಿತೆನ್ನೋಣ. ಪಡೆದ ಯಂತ್ರವು ಮೂರು ಗುಂಪುಗಳನ್ನೂ ಎಣಿಸುತ್ತದೆ. ಒಂದನೆಯದರ ಗುಂಪು ಸರಿಯಾಗಿದೆ. ಎರಡನೆಯದರ ಗುಂಪು ಬೆಸ. ನಾಲ್ಕನೆಯದರ ಗುಂಪೂ ಬೆಸ. ತಪ್ಪಿದ ಎರಡು ಮತ್ತು ನಾಲ್ಕನ್ನು ಕೂಡಿಸಿದರೆ ಆರು. ತಪ್ಪು ನಡೆದ ಮನೆಯ ಸಂಖ್ಯೆಯೇ ಆರು! ಪರೀಕ್ಷಾ ಅಂಕಿಯೇ ಕೆಟ್ಟಿದ್ದರೂ ಲೆಕ್ಕ ತಪ್ಪುವುದಿಲ್ಲ. ಆಗ ಅದರ ಗುಂಪೊಂದೇ ಬೆಸವಾಗಿ ಅದರ ಮನೆಯನ್ನೇ ತೋರಿಸುತ್ತದೆ.

ಇದರ ಒಳಗುಟ್ಟನ್ನು ಹ್ಯಾಮಿಂಗ್ ಅವರು ದೂರದ ಕಲ್ಪನೆಯಿಂದ ವಿವರಿಸಿದರು. ಏಳು ಅಂಕಿಗಳ ಸಾಲುಗಳು ಒಟ್ಟು 128. ಅವುಗಳಲ್ಲಿ ಸಂದೇಶಕ್ಕೆ ಬಳಕೆಯಾಗುವುವು 16 ಮಾತ್ರ. ಈ ಹದಿನಾರರಲ್ಲಿ ಯಾವ ಎರಡನ್ನು ಹೋಲಿಸಿದರೂ ಅವು ಕನಿಷ್ಠ ಮೂರು ಸ್ಥಾನಗಳಲ್ಲಿ ಬೇರೆಯಾಗಿರುತ್ತವೆ. ಊರಿಂದ ಊರಿಗೆ ಮೂರು ಹೆಜ್ಜೆಯ ದೂರವಿದ್ದಂತೆ. ಒಂದು ಹೆಜ್ಜೆ ದಾರಿ ತಪ್ಪಿದವನಿಗೆ ತನ್ನ ಊರೇ ಹತ್ತಿರ; ಆದ್ದರಿಂದ ಅವನನ್ನು ಮರಳಿ ಮನೆ ಸೇರಿಸುವುದು ಕಷ್ಟವಲ್ಲ. ಪ್ರತಿಯೊಂದು ಊರೂ ಅದರ ಸುತ್ತಲಿನ ಏಳು ಜಾಗಗಳೂ ಸೇರಿ ಎಂಟು. ಹದಿನಾರು ಊರುಗಳಿಗೆ ಸರಿಯಾಗಿ 128. ಒಂದು ಜಾಗವೂ ಪೋಲಾಗಿಲ್ಲ. ಎರಡು ಸಂಕೇತಗಳ ನಡುವಣ ಈ ಅಂತರವನ್ನು ಇಂದಿಗೂ ಹ್ಯಾಮಿಂಗ್ ದೂರ ಎಂದೇ ಕರೆಯುತ್ತಾರೆ.

ಸಂಸ್ಥೆಯು ಈ ಶೋಧಕ್ಕೆ ಪೇಟೆಂಟ್ ಹಕ್ಕನ್ನು ಪಡೆಯಲು ಬಯಸಿದ್ದರಿಂದ ಪ್ರಕಟಣೆ ತಡವಾಯಿತು. ಷಾನನ್ ಅವರು 1948ರ ತಮ್ಮ ಪ್ರಬಂಧದಲ್ಲಿ ಹ್ಯಾಮಿಂಗ್ ಅವರ ಹೆಸರು ಹೇಳಿ ಈ ಸಂಕೇತವನ್ನು ಉದಾಹರಿಸಿದ್ದರು. 1949ರಲ್ಲಿ ಸ್ವಿಟ್ಜರ್ಲೆಂಡ್ ಸಂಜಾತರಾದ ಮಾರ್ಸೆಲ್ ಗೊಲೇ ಅವರು ಇದನ್ನು ವಿಸ್ತರಿಸಿ, ಮೂರು ತಪ್ಪುಗಳನ್ನು ಒಟ್ಟಿಗೆ ತಿದ್ದಬಲ್ಲ ಬೇರೊಂದು ಸಂಕೇತವನ್ನು ಪ್ರಕಟಿಸಿಬಿಟ್ಟರು. ಹ್ಯಾಮಿಂಗ್ ಅವರ ಪ್ರಬಂಧ ಬೆಳಕು ಕಂಡದ್ದು 1950ರ ಏಪ್ರಿಲಿನಲ್ಲಿ. ಮೊದಲು ಕಂಡವರು ಯಾರೆಂಬ ಚರ್ಚೆಗೆ ಈ ತಡವೇ ಎಡೆಮಾಡಿಕೊಟ್ಟಿತು.

ಹ್ಯಾಮಿಂಗ್ ಅವರ ಸಂಕೇತದಿಂದ ಎಲ್ಲ ತೊಂದರೆಯೂ ನೀಗಿತೆಂದಲ್ಲ. ಒಂದು ಗುಂಪಿನಲ್ಲಿ ಒಂದು ಅಂಕಿ ಕೆಟ್ಟರೆ ಅದು ತಿದ್ದುತ್ತದೆ. ಎರಡು ಕೆಟ್ಟರೆ ಮೋಸಹೋಗುತ್ತದೆ. ದೂರವಾಣಿಯ ತಂತಿಯಲ್ಲಾದರೋ ಸದ್ದು ಬಂದರೆ ಹಲವಾರು ಅಂಕಿಗಳನ್ನು ಒಟ್ಟಿಗೆ ಕೆಡಿಸುತ್ತದೆ. ಆದ್ದರಿಂದ ಮನೆಗಳಲ್ಲಿ ಸಣ್ಣ ಗಣಕಯಂತ್ರಗಳು ಕಾಣಿಸಿಕೊಂಡು ಜನರು ಮೋಡೆಮ್ ಮೂಲಕ ಕಡತಗಳನ್ನು ಕಳುಹಿಸತೊಡಗಿದಾಗ ಬೇರೊಂದು ಮಾರ್ಗ ಬಳಕೆಗೆ ಬಂದಿತು. ಹ್ಯಾಮಿಂಗ್ ಅವರ ಹುಟ್ಟೂರಾದ ಷಿಕಾಗೊದಲ್ಲಿಯೇ ವಾರ್ಡ್ ಕ್ರಿಸ್ಟೆನ್ಸನ್ ಎಂಬವರು 1977ರಲ್ಲಿ ರೂಪಿಸಿದ ಎಕ್ಸ್‌ಮೋಡೆಮ್ ಎಂಬ ಕ್ರಮ ಅದು. ಕಡತವನ್ನು 128 ಬೈಟುಗಳ ತುಂಡುಗಳನ್ನಾಗಿ ಮಾಡಿ, ತುಂಡು ತುಂಡಿಗೂ ಕ್ರಮಸಂಖ್ಯೆಯನ್ನು ಹಾಕಿ, ಕೊನೆಗೆ ಎಲ್ಲ ಬೈಟುಗಳ ಮೊತ್ತದ ಗುರುತನ್ನು ಸೇರಿಸಿ ಕಳುಹಿಸುತ್ತಾರೆ. ಪಡೆದ ಯಂತ್ರವು ಮೊತ್ತವನ್ನು ತಾಳೆ ನೋಡುತ್ತದೆ. ಸರಿಯಿದ್ದರೆ ಒಪ್ಪಿಗೆಯ ಸಂಜ್ಞೆ. ತಪ್ಪಿದ್ದರೆ ನಿರಾಕರಣೆಯ ಸಂಜ್ಞೆ. ನಿರಾಕರಣೆ ಬಂದರೆ ಆ ತುಂಡು ಮತ್ತೊಮ್ಮೆ ಹೊರಡುತ್ತದೆ. ಇಲ್ಲಿ ತಿದ್ದುವುದಿಲ್ಲ, ಇನ್ನೊಮ್ಮೆ ಕೇಳುತ್ತಾರೆ. ಆಚೆ ತುದಿಯಲ್ಲಿ ಉತ್ತರಿಸುವವರಿರುವಾಗ ಇದು ಅಗ್ಗದ ದಾರಿ. ಆದರೆ ಉತ್ತರಿಸುವವರಿಲ್ಲದ ಕಡೆಯೂ ಉಂಟು. ಗಣಕಯಂತ್ರದ ಸ್ಮೃತಿಯಲ್ಲಿ ನಿನ್ನೆ ಬರೆದಿಟ್ಟ ಅಂಕಿ ಇಂದು ಕೆಟ್ಟಿದ್ದರೆ ಯಾರನ್ನು ಕೇಳುವುದು? ವಾಯೇಜರ್ ನೌಕೆಗಳು 1979ರಲ್ಲಿ ಗುರುಗ್ರಹದ ಬಳಿಯಿಂದ ಚಿತ್ರಗಳನ್ನು ಕಳುಹಿಸಿದಾಗ ಒಂದು ಸಂದೇಶ ಭೂಮಿಗೆ ಬರಲು ಅರ್ಧ ಗಂಟೆಗೂ ಹೆಚ್ಚು ಕಾಲ ಹಿಡಿಯುತ್ತಿತ್ತು. ಕೆಟ್ಟ ಅಂಕಿಯನ್ನು ಮತ್ತೆ ಕಳುಹಿಸೆಂದು ಕೂಗಿ ಹೇಳಿದರೆ ಆ ಕೂಗು ಮುಟ್ಟುವಷ್ಟರಲ್ಲಿ ನೌಕೆ ಮುಂದೆ ಸಾಗಿರುತ್ತಿತ್ತು. ಅಲ್ಲಿ ನೆರವಾದದ್ದು ಗೊಲೇ ಅವರ ಸಂಕೇತ. 1980ರ ದಶಕದಲ್ಲಿ ವೇಗದ ಮೋಡೆಮ್‌ಗಳು ಬಂದಾಗ ಅವುಗಳ ಸ್ವರಗಳೊಳಗೂ ತಾವೇ ತಿದ್ದಿಕೊಳ್ಳುವ ಸಂಕೇತಗಳು ಸೇರಿದವು.

ಹ್ಯಾಮಿಂಗ್ ಅವರಿಗೆ 1968ರಲ್ಲಿ ಗಣಕಶಾಸ್ತ್ರದ ಅತ್ಯುನ್ನತ ಗೌರವವಾದ ಟ್ಯೂರಿಂಗ್ ಪ್ರಶಸ್ತಿ ಸಂದಿತು. ಕೀರ್ತಿ ಬಂದರೂ ಅವರ ಸ್ವಭಾವ ಮೆತ್ತಗಾಗಲಿಲ್ಲ. ಪ್ರಯೋಗಾಲಯದ ಊಟದ ಮನೆಯಲ್ಲಿ ಅವರು ರಸಾಯನವಿಜ್ಞಾನಿಗಳ ಮೇಜಿಗೆ ಹೋಗಿ ಕುಳಿತು, ಅವರ ಶಾಸ್ತ್ರದಲ್ಲಿ ಮುಖ್ಯವಾದ ಸಮಸ್ಯೆಗಳು ಯಾವುವೆಂದು ಕೇಳುತ್ತಿದ್ದರು. ಕೆಲವು ದಿನಗಳ ಬಳಿಕ, ಅವರು ಕೆಲಸ ಮಾಡುತ್ತಿರುವುದು ಅಂಥ ಯಾವ ಸಮಸ್ಯೆಯ ಮೇಲೆ ಎಂದು ಕೇಳಿದರು. ಮುಖ್ಯವಲ್ಲದ್ದಾದರೆ ಅದನ್ನು ಮಾಡುತ್ತಿರುವುದೇಕೆಂಬ ಪ್ರಶ್ನೆಯೂ ಅದರ ಹಿಂದೆಯೇ ಬಂದಿತು. ಆ ಮೇಜಿನಲ್ಲಿ ಅವರಿಗೆ ಮುಂದೆ ಸ್ವಾಗತವಿರಲಿಲ್ಲವೆಂದು ಬೇರೆ ಹೇಳಬೇಕಾಗಿಲ್ಲ. ಪ್ರಶ್ನೆ ನಿಷ್ಠುರವಾದದ್ದು ನಿಜ. ಆದರೆ ಅದನ್ನು ಅವರು ತಮಗೂ ಹಾಕಿಕೊಳ್ಳುತ್ತಿದ್ದರು. ಶುಕ್ರವಾರ ಮಧ್ಯಾಹ್ನದ ಊಟವಾದ ಮೇಲೆ ಸಣ್ಣಪುಟ್ಟ ಕೆಲಸಗಳನ್ನು ಬದಿಗಿರಿಸಿ, ಗಣಕಯಂತ್ರಗಳಿಂದ ವಿಜ್ಞಾನದ ಸ್ವರೂಪವೇ ಹೇಗೆ ಬದಲಾದೀತು ಎಂಬಂಥ ದೊಡ್ಡ ವಿಚಾರಗಳಿಗೆ ಮಾತ್ರ ಆ ವೇಳೆಯನ್ನು ಮೀಸಲಿಡುತ್ತಿದ್ದರು. ಕಣ್ಣು ಕುಕ್ಕುವ ಬಣ್ಣದ ಚೌಕುಳಿ ಕೋಟುಗಳನ್ನು ತೊಡುವುದೂ ಅವರಿಗೆ ಪ್ರಿಯವಾಗಿತ್ತು.

ಮೂವತ್ತು ವರ್ಷಗಳ ಸೇವೆಯ ನಂತರ, 1976ರಲ್ಲಿ, ಅವರು ಬೆಲ್ ಪ್ರಯೋಗಾಲಯವನ್ನು ಬಿಟ್ಟು ಕ್ಯಾಲಿಫೋರ್ನಿಯದ ಮಾಂಟೆರೆ ಪಟ್ಟಣದಲ್ಲಿದ್ದ ನೌಕಾಪಡೆಯ ಸ್ನಾತಕೋತ್ತರ ವಿದ್ಯಾಲಯದಲ್ಲಿ ಅಧ್ಯಾಪಕರಾದರು. ಅಮೆರಿಕದ ವಿದ್ಯುತ್ ಎಂಜಿನಿಯರುಗಳ ಸಂಸ್ಥೆಯು ಅವರ ಹೆಸರಿನಲ್ಲಿ ಒಂದು ಪದಕವನ್ನು ಸ್ಥಾಪಿಸಿ 1988ರಲ್ಲಿ ಮೊದಲನೆಯದನ್ನು ಅವರಿಗೇ ನೀಡಿತು. ಎಂಬತ್ತು ದಾಟಿದ ಮೇಲೆಯೂ ಅವರು ತರಗತಿಗಳನ್ನು ಬಿಡಲಿಲ್ಲ. 1997ರ ಡಿಸೆಂಬರಿನಲ್ಲಿ ಪಾಠ ಹೇಳುವುದನ್ನು ನಿಲ್ಲಿಸಿದರು. 1998ರ ಜನವರಿ 7ರಂದು ಮಾಂಟೆರೆಯಲ್ಲಿ ಹೃದಯಾಘಾತದಿಂದ ನಿಧನ ಹೊಂದಿದರು.